ಜರ್ಮನಿ ಬುದ್ಧಿಯವರು

ನಾನು ಈ ವಯಸ್ಸಿನವರೆಗೆ ಒಂದು ಹನಿ ಬೀರು ನಾಲಿಗೆಗೆ ಮುಟ್ಟಿಸಿದವಳಲ್ಲ. ಆದರೆ ಜರ್ಮನಿಯವರು ಅದನ್ನು ಎಷ್ಟು ದಪ್ಪ ಗಾಜಿನ ಮಗ್ಗಿನಲ್ಲಿ ಕುಡಿಯುತ್ತಾರೆ, ಇಂಗ್ಲೆಂಡಿನವರು ತಣ್ಣಗೆ ಮಾಡದೆ ಹಾಗೇ ಕುಡಿದು ಮಳೆಯ ಮೇಲೆ ಹೇಗೆ ಗೊಣಗುತ್ತಾರೆ, ಬೆಲ್ಜಿಯಂನಲ್ಲಿ ಒಂದೊಂದು ಬಗೆಯ ಬೀರಿಗೆ ಒಂದೊಂದು ಆಕಾರದ ಗ್ಲಾಸು ಯಾಕೆ, ಎಲ್ಲ ಕೇಳಿ, ಹೇಳುತ್ತೇನೆ. ಈ ವಿದ್ಯೆಯನ್ನೆಲ್ಲ ಕಲಿತದ್ದು ತಿಪಟೂರಿನಲ್ಲಿ, ನಮ್ಮ ಮನೆಯ ಕಾಯಿ ಅಟ್ಟದ ಮೇಲೆ, ಒಣಗಲು ಹಾಕಿದ ತೆಂಗಿನಕಾಯಿಗಳ ನಡುವೆ ಕೂತು. ಕಲಿಸಿದವನು ನನ್ನ ಮೈದುನ. ತಾನು ಪಾಠ ಹೇಳುತ್ತಿದ್ದೇನೆ ಎಂದು ಅವನಿಗೂ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕನಾಯಕನಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದೆ. ನಮ್ಮಮ್ಮ ನನ್ನ ಸಾಮಾನಿನ ಜೊತೆಗೆ ಒಂದು ಕಂದು ಬಾಟ್ಲಿಯ ತುಂಬ ಹರಳೆಣ್ಣೆ ಕಟ್ಟಿಕೊಟ್ಟಿದ್ದಳು. ಆಗ ನಮ್ಮ ಕಡೆ ಖಾಲಿ ಬೀರ್ ಬಾಟ್ಲಿ ಇಲ್ಲದ ಮನೆಯೇ ಇರಲಿಲ್ಲ. ಕುಡಿಯುವವರು ಯಾರೋ, ಬಾಟ್ಲಿ ಮಾತ್ರ ಎಲ್ಲರದು. ಸೀಮೆಎಣ್ಣೆಗೆ ಒಂದು, ಕೊಬ್ಬರಿ ಎಣ್ಣೆಗೆ ಒಂದು, ಫಿನಾಯಿಲಿಗೆ ಒಂದು. ಬೂದಿ ಹಾಕಿ ತೊಳೆದರೆ ಮುಗಿಯಿತು, ಅದರ ಪೂರ್ವಾಶ್ರಮವನ್ನು ಯಾರೂ ವಿಚಾರಿಸುತ್ತಿರಲಿಲ್ಲ. ನಮ್ಮ ಮಾವನವರು ವಿಚಾರಿಸಿದರು.

"ಇದೇನಮ್ಮ ಇದು?"

"ಹರಳೆಣ್ಣೆ ಮಾವ."

"ಎಣ್ಣೆ ಸರಿ ಕಣಮ್ಮ. ಬಾಟ್ಲಿ ಎಲ್ಲೀದು?"

ಎಣ್ಣೆಯನ್ನು ಚೊಂಬಿಗೆ ಬಗ್ಗಿಸಿ, ಬಾಟ್ಲಿಯನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಹಿಡಿದು ತಿಪ್ಪೆಯವರೆಗೆ ನಡೆದು, ಎಸೆದು ಬಂದು ಕೈ ತೊಳೆದುಕೊಂಡರು. ಬಂದ ಮೂರನೆಯ ದಿನಕ್ಕೇ ಹೀಗಾಯಿತಲ್ಲ ಎಂದು ನನಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು. ಸಿಟ್ಟು ನನಗೆ ಬೇಗ ಬರುತ್ತದೆ, ನಿಧಾನವಾಗಿ ಹೋಗುತ್ತದೆ. ಆ ಬಾಟ್ಲಿಯ ಸಿಟ್ಟು ಇನ್ನೂ ಸ್ವಲ್ಪ ಉಳಿದಿದೆ.

ಮಾವನವರು ಕೊಬ್ಬರಿ ವ್ಯಾಪಾರಿ. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಒಡೆಯದೆ ಹೇಳಿಬಿಡುತ್ತಿದ್ದರು. ಮನುಷ್ಯರನ್ನೂ ಹಾಗೆಯೇ ಹೊರಗಿನಿಂದ ಅಳೆಯಬಲ್ಲೆ ಎಂಬ ನಂಬಿಕೆ ಅವರಿಗೆ. ತಲೆ ಬೋಳು, ಗುಂಡು ಮುಖ, ಹಣೆಯ ತುಂಬ ವಿಭೂತಿ. ಅವರು ನಕ್ಕದ್ದನ್ನು ನಾನಂತೂ ಕಂಡಿರಲಿಲ್ಲ.

ಅವರ ಚಿಕ್ಕಮಗ, ನನ್ನ ಮೈದುನ, ಬೊಂಬಾಯಿಯಲ್ಲಿ ಹಡಗು ಹತ್ತಿ ಎಲೆಕ್ಟ್ರಿಷಿಯನ್ ಆಗಿ ದೇಶ ದೇಶ ತಿರುಗುತ್ತಿದ್ದ. ನನ್ನ ಮದುವೆಯಾದ ಮರುವರ್ಷದ ಬೇಸಿಗೆಯಲ್ಲಿ ರಜೆಗೆಂದು ಬಂದ. ಅರಸೀಕೆರೆಯಲ್ಲಿ ರೈಲಿಗೆ ಕಾಯುವಾಗ ಬಿಸಿಲು ತಡೆಯಲಾರದೆ ಒಂದು ಬೀರು ಕುಡಿದು, ಮೇಲೆ ಬಾಯಿತುಂಬ ಏಲಕ್ಕಿ ಅಗಿದಿದ್ದ. ಅಷ್ಟು ಏಲಕ್ಕಿ ವಾಸನೆ ಬಂದದ್ದೇ ಮಾವನವರಿಗೆ ಅನುಮಾನ.

"ಏನ್ಲಾ ಕುಡ್ದಿದ್ದೀಯ?"

"ಒಂದು ಬೀರು ಕಣಪ್ಪ, ಅಷ್ಟೆ. ಅಲ್ಲೆಲ್ಲ ನಾವು ಎಳ್ನೀರು ಕುಡ್ದಂಗೆ ಕುಡೀತಾರೆ."

ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತೇನೋ. ತೆಂಗಿನಿಂದಲೇ ಮನೆ ಕಟ್ಟಿ, ತೆಂಗಿನಿಂದಲೇ ಮಕ್ಕಳನ್ನು ಓದಿಸಿದ ಮನುಷ್ಯನ ಮುಂದೆ ಎಳನೀರನ್ನು ಬೀರಿನ ಪಕ್ಕಕ್ಕೆ ತಂದು ನಿಲ್ಲಿಸಿದ.

"ಎಳ್ನೀರ್ನ ಅದುಕ್ಕೆ ಹೋಲಿಸ್ತೀಯೇನ್ಲಾ? ಇನ್ನು ಈ ಹೊಸಿಲು ತುಳೀಬ್ಯಾಡ ನೀನು."

ಅತ್ತೆ ಕಾಫಿ ಲೋಟ ಹಿಡಿದು ನಿಂತೇ ಇದ್ದರು. ಅವನು ಬಿಚ್ಚದ ಸೂಟ್‌ಕೇಸನ್ನು ಹಾಗೇ ಎತ್ತಿಕೊಂಡು ಹೊರಟುಹೋದ. ಆ ಕಾಫಿಯನ್ನು ಕೊನೆಗೆ ಯಾರೂ ಕುಡಿಯಲಿಲ್ಲ. ಅಂದಿನಿಂದ ಮಾವನವರ ಬಾಯಲ್ಲಿ ಅವನ ಮಾತಿಲ್ಲ, ಅತ್ತೆಯ ಮನಸ್ಸಿನಲ್ಲಿ ಅದೊಂದೇ ಮಾತು: ಅವನು ಮನೆಗೆ ಬರಬೇಕು.

ಕಾಗದ ಮಾತ್ರ ತಿಂಗಳಿಗೊಂದು ಬರುತ್ತಿತ್ತು, ಅತ್ತೆಯ ಹೆಸರಿಗೆ. ಅತ್ತೆಗೆ ಓದಲು ಬಾರದು. ಪೋಸ್ಟ್‌ಮ್ಯಾನು ಜಗಲಿಯ ಮೇಲೆ ಕೂತು ಒಂದು ಚೊಂಬು ಮಜ್ಜಿಗೆ ಕುಡಿದು, ಅತ್ತೆಯ ಜೊತೆ ಊರ ಸುದ್ದಿ ಮಾತಾಡಿ ಹೋಗುತ್ತಿದ್ದ. ಅತ್ತೆ ಕಾಗದವನ್ನು ಸೆರಗಿಗೆ ಸಿಕ್ಕಿಸಿಕೊಂಡು ಮಧ್ಯಾಹ್ನದವರೆಗೆ ಕಾಯುತ್ತಿದ್ದರು. ಕವರು ಯಾವಾಗಲೂ ಒಡೆದೇ ಇರುತ್ತಿತ್ತು. ಪಾಪ, ಓದಲು ಬಾರದಿದ್ದರೂ ತಾಳ್ಮೆಯಿಲ್ಲ ಎಂದುಕೊಳ್ಳುತ್ತಿದ್ದೆ. ಊಟವಾದ ಮೇಲೆ ಮಾವನವರು ನಡುಮನೆಯ ಆರಾಮಕುರ್ಚಿಯಲ್ಲಿ ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತ ಗಳಿಗೆ ನೋಡಿ ನನ್ನನ್ನು ಕರೆಯುತ್ತಿದ್ದರು.

"ಜೋರಾಗಿ ಓದು ಕಣೇ, ನಂಗೆ ಕಿವಿ ಮಂದ."

ಹಿತ್ತಲಲ್ಲಿ ಬೆಕ್ಕು ನಡೆದರೆ ಅಡುಗೆಮನೆಯಿಂದ ಗದರಿಸುವ ಕಿವಿ ಅದು. ಜೋರಾಗಿ ಓದಬೇಕಾದದ್ದು ಯಾರಿಗೆಂದು ಮೂವರಿಗೂ ಗೊತ್ತಿತ್ತು. ನಾನು ಓದಲು ಶುರುಮಾಡಿದೊಡನೆ ಪೇಪರಿನ ಹಾಳೆ ಮಗುಚುವುದು ನಿಂತುಹೋಗುತ್ತಿತ್ತು.

ಕಷ್ಟ ಇದ್ದದ್ದು ಕಾಗದದಲ್ಲಿ. ನನ್ನ ಮೈದುನ ಯಾವ ಬಂದರಿಗೆ ಹೋದರೂ ಅಲ್ಲಿನ ದೇವಸ್ಥಾನ ನೋಡಿದೆ, ಕೋಟೆ ನೋಡಿದೆ ಎಂದು ಬರೆಯುವ ಜಾತಿಯಲ್ಲ. ಹ್ಯಾಂಬರ್ಗಿನಲ್ಲಿ ದೊಡ್ಡ ಮರಗಳ ಕೆಳಗೆ ಉದ್ದುದ್ದ ಬೆಂಚು ಹಾಕಿ, ಅಜ್ಜಿ, ಸೊಸೆ, ಮೊಮ್ಮಕ್ಕಳು ಎಲ್ಲ ಒಟ್ಟಿಗೆ ಕೂತು ಬೀರು ಕುಡಿಯುತ್ತಾರೆ, ಮಕ್ಕಳಿಗೆ ಮಾತ್ರ ಶರಬತ್ತು, ಎಂದು ಬರೆಯುತ್ತಿದ್ದ. ಜರ್ಮನಿಯ ಇನ್ನೊಂದು ಊರಿನಲ್ಲಿ ವರ್ಷಕ್ಕೊಮ್ಮೆ ದೊಡ್ಡ ಡೇರೆ ಹಾಕಿ, ಬ್ಯಾಂಡು ಬಾರಿಸಿ, ಒಬ್ಬೊಬ್ಬ ಹೆಂಗಸು ಎರಡೂ ಕೈಯಲ್ಲಿ ಹತ್ತು ಮಗ್ಗು ಎತ್ತಿಕೊಂಡು ಓಡಾಡುತ್ತಾಳೆ ಎಂದು ಬರೆದಿದ್ದ. ಇದನ್ನೆಲ್ಲ ಆ ಪೇಪರಿನ ಹಿಂದಿನ ಕಿವಿಗೆ ಹೇಗೆ ಓದಲಿ? ಮೊದಲ ಕಾಗದದಲ್ಲೇ ಗಂಟಲು ಸರಿಮಾಡಿಕೊಂಡು ಬೀರು ಇದ್ದಲ್ಲೆಲ್ಲ ಪಾನಕ ಎಂದು ಓದಿದೆ. ಒಂದು ಸಲ ಪಾನಕ ಅಂದಮೇಲೆ ಮುಂದೆಲ್ಲ ಪಾನಕವೇ ಆಗಬೇಕಾಯಿತು.

"ಡೇರೆ ಹಾಕಿ ಸಾವಿರಾರು ಜನಕ್ಕೆ ಪಾನಕ ಕೊಡ್ತಾರಾ?" ಎಂದು ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು.

"ಹೂಂ ಅತ್ತೆ. ಬೆಳಿಗ್ಗೆಯಿಂದ ಸಂಜೆವರೆಗೂ."

"ಬೇಲದ ಹಣ್ಣಿಂದೋ, ನಿಂಬೆಹಣ್ಣಿಂದೋ?"

"ಬಾರ್ಲಿದು ಅಂತ ಬರ್ದವ್ರೆ ಅತ್ತೆ." ಒಂದಾದರೂ ನಿಜ ಹೇಳಿದೆನಲ್ಲ ಎಂಬ ಸಮಾಧಾನ ನನಗೆ.

ಪೇಪರಿನ ಹಿಂದಿನಿಂದ ಮಾವನವರ ದನಿ ಬಂತು, ಯಾರಿಗೂ ಹೇಳದವರ ಹಾಗೆ. "ಬಾರ್ಲಿ ದೇಹಕ್ಕೆ ತಂಪು." ಅಂದು ಅತ್ತೆಯ ಮುಖ ನೋಡಬೇಕಿತ್ತು. ಒಂದು ವರ್ಷದಲ್ಲಿ ಮಗನ ವಿಷಯಕ್ಕೆ ಬಂದ ಮೊದಲ ಮಾತು ಅದು. ಅಂದಿನಿಂದ ನನ್ನ ಸುಳ್ಳಿಗೆ ಇನ್ನಷ್ಟು ಧೈರ್ಯ ಬಂತು. ಓದಿ ಮುಗಿದ ಮೇಲೆ ಕಾಗದವನ್ನು ಎತ್ತಿಕೊಂಡು ಅಟ್ಟ ಹತ್ತಿ, ನಾನು ನುಂಗಿದ ಸಾಲುಗಳನ್ನೆಲ್ಲ ಮತ್ತೆ ಒಂದೊಂದಾಗಿ ಓದಿಕೊಳ್ಳುತ್ತಿದ್ದೆ. ನನ್ನ ಬೀರಿನ ವಿದ್ಯಾಭ್ಯಾಸ ಆದದ್ದು ಹಾಗೆ.

ಅವನು ಹೋದ ಎರಡನೆಯ ವರ್ಷ ಜರ್ಮನಿಯಿಂದ ಒಂದು ಕಾಗದ ಬಂತು, ಎರಡು ದಿನ ಬಿಟ್ಟು ಒಂದು ಪಾರ್ಸಲು. ಕಾಗದದಲ್ಲಿ ಹೀಗಿತ್ತು: "ಪಾರ್ಸಲಿನಲ್ಲಿ ಒಂದು ತಗಡಿನ ತಟ್ಟೆ ಇದೆ. ಬೀರಿನವರು ಜಾಹೀರಾತಿಗೆ ಮಾಡಿಸಿದ್ದು. ಅದರಲ್ಲಿರುವವರು ಅಲ್ಲಿನ ಮಠದ ಸ್ವಾಮಿ, ಕೈಯಲ್ಲಿರುವುದು ಬೀರು. ಅಲ್ಲಿ ಕೆಲವು ಮಠಗಳಲ್ಲಿ ಸ್ವಾಮಿಗಳೇ ಬೀರು ಕಾಯಿಸುತ್ತಾರೆ." ಕೊನೆಯಲ್ಲಿ ಇನ್ನೊಂದು ಸಾಲಿತ್ತು, ಅದನ್ನು ಆಮೇಲೆ ಹೇಳುತ್ತೇನೆ. ನಾನು ಇಷ್ಟೇ ಓದಿದೆ: "ತಟ್ಟೆಯಲ್ಲಿರುವವರು ಅಲ್ಲಿನ ಮಠದ ಸ್ವಾಮಿ."

ಪಾರ್ಸಲು ಬಿಚ್ಚಿದರೆ ಊಟದ ತಟ್ಟೆಯಷ್ಟು ಅಗಲದ ತಗಡು. ಅದರಲ್ಲಿ ಕಂದು ನಿಲುವಂಗಿ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದ, ಬೋಳು ತಲೆಯ ಗುಂಡು ಸ್ವಾಮಿ. ಕೆನ್ನೆ ಕೆಂಪಗೆ, ಕಣ್ಣು ಮುಚ್ಚುವಷ್ಟು ನಗು. ಕೈಯಲ್ಲಿ ಹಳದಿ ಬಣ್ಣದ ದೊಡ್ಡ ಗ್ಲಾಸು, ಮೇಲೆ ಬೆಳ್ಳಗೆ ನೊರೆ. ಚಿತ್ರ ಬರೆದವನು ಒಳ್ಳೆಯ ಕೈಯವನೇ, ನೊರೆ ಗ್ಲಾಸಿನ ಅಂಚಿನಿಂದ ಇಳಿಯುತ್ತಿರುವುದು ನಿಜವೆನಿಸುತ್ತಿತ್ತು. ಕೆಳಗೆ ಆ ದೇಶದ ಕೊಕ್ಕೆ ಕೊಕ್ಕೆ ಅಕ್ಷರದಲ್ಲಿ ಏನೋ ಬರೆದಿತ್ತು. ಕಷ್ಟಪಟ್ಟರೆ ಬೀರು ಎಂದು ಓದಬಹುದಾಗಿತ್ತು.

ನಾನು ಅದನ್ನು ಎಲ್ಲಿ ಬಚ್ಚಿಡುವುದೆಂದು ಯೋಚಿಸುವಷ್ಟರಲ್ಲಿ ಅತ್ತೆ ಸೆರಗಿನಿಂದ ಒರೆಸಿ, ದೇವರಮನೆಗೆ ಕೊಂಡುಹೋಗಿ, ಗೋಡೆಯ ಮೊಳೆಗೆ ತಗುಲಿಹಾಕಿ, ಸ್ವಾಮಿಯ ಹಣೆಗೆ ಮೂರು ಬೆರಳು ವಿಭೂತಿ ಎಳೆದರು. ಸಂಜೆ ಮಂಡಿಯಿಂದ ಬಂದು ಕಾಲು ತೊಳೆದು ದೇವರಮನೆಗೆ ಹೋದ ಮಾವನವರು ಅಲ್ಲೇ ನಿಂತರು.

"ಯಾರೇ ಇವ್ರು?"

"ಜರ್ಮನಿ ಬುದ್ಧಿಯೋರು. ಮಠದೋರು."

ನಮ್ಮ ಕಡೆ ಸ್ವಾಮಿಗಳಿಗೆ ಬುದ್ಧಿಯವರು ಎನ್ನುವುದು ರೂಢಿ. ಮಾವನವರು ಹತ್ತಿರ ಹೋಗಿ ನೋಡಿದರು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ.

"ಎಂಥಾ ಕಳೆ ನೋಡು ಮುಖ್ದಲ್ಲಿ," ಎಂದರು. "ಇದು ಹಾಲು ಕುಡ್ದು ಬಂದ ಕಳೆ. ಕೇಸರಿ ಹಾಕವ್ರೆ, ಅದ್ಕೇ ಹಳ್ದಿ." ಮತ್ತೆ ಕೈ ಮುಗಿದರು. ಬೀರ್ ಬಾಟ್ಲಿಯನ್ನು ತಿಪ್ಪೆಗೆಸೆದು ಬಂದು ತೊಳೆದುಕೊಂಡಿದ್ದ ಅದೇ ಕೈ.

ನನ್ನ ಗಂಡನಿಗೆ ಹೇಳಿದೆ. ಅವರು ಜಗಳವೆಂದರೆ ಹಿತ್ತಲ ಬಾಗಿಲಿಂದ ಹೋಗುವವರು. "ಸುಮ್ನಿರು ಕಣೇ, ಗೋಡೆ ಮೇಲವ್ರೆ, ಅವ್ರ ಪಾಡಿಗೆ ಇರ್ಲಿ ಬುಡು," ಎಂದರು. ಹಾಗಾಗಿ ಆ ಪಾಪದ ಭಾರ ನನ್ನೊಬ್ಬಳ ತಲೆಗೆ ಬಂತು. ಅತ್ತೆಗೆ ಹೇಳೋಣವೆಂದರೆ, ದಿನಾ ತಲೆಬಾಗಿ ಹೂವೇರಿಸುವ ಆ ಮುದುಕಿಯ ಎದೆ ಒಡೆದುಬಿಟ್ಟರೆ? ಪುಣ್ಯಕ್ಕೆ ಅವರು ಹಾಕುತ್ತಿದ್ದ ಕಣಗಿಲೆ ಹಾರ ಪ್ರತಿದಿನ ಸರಿಯಾಗಿ ಆ ಅಕ್ಷರಗಳ ಮೇಲೆಯೇ ಬಂದು ಕೂರುತ್ತಿತ್ತು. ಬಂದ ನೆಂಟರಲ್ಲಿ ಇಂಗ್ಲಿಷು ಬಲ್ಲವರೂ ಇದ್ದರು. ಯಾರಿಗೂ ಕಾಣಲಿಲ್ಲ.

ಜರ್ಮನಿ ಬುದ್ಧಿಯವರ ಪ್ರಭಾವ ಮನೆಯ ಮೇಲೆ ನಿಧಾನವಾಗಿ ಏರಿತು. ಮಾವನವರು ಮಂಡಿಗೆ ಹೊರಡುವ ಮುಂಚೆ ಅವರಿಗೆ ಕೈಮುಗಿಯದೆ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಕೊಬ್ಬರಿ ಕೊಳ್ಳಲು ಬಂದವರನ್ನು ಮನೆಗೆ ಕರೆತಂದು ತೋರಿಸುತ್ತಿದ್ದರು. "ಅಲ್ಲಿ ಮಠದೋರ ಶಿಸ್ತು ನೋಡ್ರಿ. ಹಾಲು ಬಿಟ್ರೆ ಬೇರೆ ಮುಟ್ಟಲ್ಲ." ಶೆಟ್ಟಿಕೆರೆಯ ನೆಂಟರೊಬ್ಬರು ಮಗುವಿಗೆ ಮೈ ಹತ್ತುತ್ತಿಲ್ಲವೆಂದು ತಂದು ತಟ್ಟೆಯ ಮುಂದೆ ಒಂದು ಗಳಿಗೆ ಮಲಗಿಸಿ ಕರೆದುಕೊಂಡು ಹೋದರು. ಕೊನೆಗೆ ಮಾವನವರು ಕಾಫಿಯನ್ನೇ ಬಿಟ್ಟರು. ಬಜಾರಿನಿಂದ ದೊಡ್ಡ ಗಾಜಿನ ಗ್ಲಾಸೊಂದನ್ನು ತಂದು, "ನೊರೆ ಬರಂಗೆ ಎತ್ತಿ ಹುಯ್ಯಮ್ಮ," ಎಂದು ದಿನಕ್ಕೆ ಎರಡು ಸಲ ಕೇಸರಿ ಹಾಲು ಹುಯ್ಯಿಸಿಕೊಂಡು ಕುಡಿಯತೊಡಗಿದರು. ಹಾಲನ್ನು ಮೊಳದೆತ್ತರದಿಂದ ಹುಯ್ದು ನೊರೆ ಎಬ್ಬಿಸಿ ನನ್ನ ರಟ್ಟೆ ಬಿದ್ದುಹೋಯಿತು. ಆರು ತಿಂಗಳಲ್ಲಿ ಅವರ ಕೆನ್ನೆ ತುಂಬಿತು, ಅಂಗಿಯ ಗುಂಡಿ ಎರಡು ಸಲ ಸರಿಸಿ ಹೊಲಿಯಬೇಕಾಯಿತು. ಬೀರು ಕುಡಿಯದೆ ಬೀರಿನ ಹೊಟ್ಟೆ ಬಂದ ಮನುಷ್ಯರು ನನಗೆ ತಿಳಿದಂತೆ ಅವರೊಬ್ಬರೇ.

ಆ ವರ್ಷ ಅತ್ತೆ ಒಂದೇ ಹಟ ಹಿಡಿದರು, ನಮ್ಮ ಮಠದ ಸ್ವಾಮಿಗಳನ್ನು ಕರೆಸಿ ಪಾದಪೂಜೆ ಮಾಡಿಸಬೇಕು ಎಂದು. ಸ್ವಾಮಿಗಳು ಓದಿದವರು, ಒಮ್ಮೆ ಹೊರದೇಶಕ್ಕೂ ಹೋಗಿ ಬಂದವರು. ಪೂಜೆ ದೇವರಮನೆಯ ಎದುರೇ ಆಗಬೇಕು, ಸ್ವಾಮಿಗಳು ಕಣ್ಣೆತ್ತಿದರೆ ಬೀರು. ಹಿಂದಿನ ದಿನ, "ಅತ್ತೆ, ತಟ್ಟೆ ತುಕ್ಕು ಹಿಡೀತೈತೆ, ಒಳಗಿಡ್ತೀನಿ," ಎಂದೆ. "ತುಕ್ಕು ಎಲ್ಲೈತೆ? ಕೈ ತೆಗಿ," ಎಂದರು.

ಸ್ವಾಮಿಗಳು ಬಂದರು. ಮಾವನವರು ಅವರ ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಅಡ್ಡಬಿದ್ದರು. ಹಿಂದಿನ ಸಾಲಿನಲ್ಲಿ ಹಣ್ಣಿನ ತಟ್ಟೆ ಹಿಡಿದು ನಿಂತ ನಾನು ಸ್ವಾಮಿಗಳ ಕಣ್ಣನ್ನೇ ನೋಡುತ್ತಿದ್ದೆ. ಕಣ್ಣು ಎದ್ದಿತು, ಗೋಡೆಗೆ ಹೋಯಿತು, ಅಲ್ಲೇ ನಿಂತಿತು.

"ಇವರು ಯಾರು?"

"ಜರ್ಮನಿ ಬುದ್ಧಿಯೋರು, ಬುದ್ಧಿ," ಎಂದರು ಮಾವನವರು, ಹೆಮ್ಮೆಯಿಂದ. "ಹಾಲು ಬಿಟ್ರೆ ಬೇರೇನೂ ಮುಟ್ಟಲ್ಲ."

ಸ್ವಾಮಿಗಳು ಎದ್ದು ಹತ್ತಿರ ಹೋದರು. ಒಂದೇ ಬೆರಳಿನಿಂದ ಕಣಗಿಲೆ ಹಾರವನ್ನು ಪಕ್ಕಕ್ಕೆ ಸರಿಸಿ, ಕೆಳಗಿನ ಅಕ್ಷರ ಓದಿದರು. ನನ್ನ ಕೈಯಲ್ಲಿ ತಟ್ಟೆ ವಾಲಿ ಒಂದು ಮೂಸಂಬಿ ಉರುಳಿ ಅವರ ಪಾದುಕೆಯ ಹತ್ತಿರ ಹೋಗಿ ನಿಂತಿತು. ಅವರು ಹಾರವನ್ನು ಮೊದಲಿದ್ದಲ್ಲಿಗೇ ಎಳೆದು ಕೂರಿಸಿ, ಸ್ವಲ್ಪ ಕೆಮ್ಮಿದರು.

"ಹೌದು, ಮಠದವರೇ. ಒಂದೊಂದು ಮಠದ್ದು ಒಂದೊಂದು ಪದ್ಧತಿ," ಎಂದರು. "ಯಾರು ತಂದುಕೊಟ್ಟರು?"

ಮಾವನವರು ನೆಲ ನೋಡಿದರು. ಆಗ ಅತ್ತೆ ಮುಂದೆ ಬಂದು ಅಡ್ಡಬಿದ್ದು, ಏಳದೆ ಅಲ್ಲಿಂದಲೇ ಹೇಳಿದರು. "ನನ್ನ ಚಿಕ್ಕಮಗ ಬುದ್ಧಿ. ಹಡಗ್ನಲ್ಲವ್ನೆ. ಒಂದ್ಸಲ ಕುಡ್ದು ಬಂದ ಅಂತ ಹೊಸಿಲು ತುಳೀಬ್ಯಾಡ ಅಂದವ್ರೆ. ಎರಡು ವರ್ಷಾತು."

ಸ್ವಾಮಿಗಳು ಗೋಡೆಯನ್ನು ನೋಡಿದರು, ಮಾವನವರನ್ನು ನೋಡಿದರು, ಮತ್ತೆ ಗೋಡೆಯನ್ನು ನೋಡಿದರು. "ಅವನು ಕಳಿಸಿದವರು ದೇವರಮನೆಯಲ್ಲಿ, ಅವನು ಬೀದಿಯಲ್ಲಿ. ಇದು ನಮಗೆ ಸರಿ ಕಾಣುವುದಿಲ್ಲ. ಕರೆಸಿಕೊಳ್ಳಿ."

ಪಾದ ತೊಳೆದ ನೀರು ಇನ್ನೂ ಆರಿರಲಿಲ್ಲ. ಗುರುಗಳ ಮಾತಿಗೆ ಇಲ್ಲವೆನ್ನುವುದು ನಮ್ಮ ಜನಕ್ಕೆ ಗೊತ್ತಿಲ್ಲ. ಮಾವನವರು, "ಆಗ್ಲಿ ಬುದ್ಧಿ," ಎಂದರು. ಅಂದು ಮಧ್ಯಾಹ್ನವೇ ಕಾಗದ ಬರೆದೆ. ಅಂಚೆಗೆ ಹಾಕಲು ಅತ್ತೆ ತಾವೇ ನಡೆದುಕೊಂಡು ಹೋದರು.

ಮೈದುನ ಬಂದದ್ದು ನಾಲ್ಕು ತಿಂಗಳಾದ ಮೇಲೆ, ಹತ್ತು ದಿನದ ರಜೆಯಲ್ಲಿ. ಜಗಲಿಯ ಮೇಲೆ ಸೂಟ್‌ಕೇಸು ಹಿಡಿದು ನಿಂತ. ಮಾವನವರು ಒಳಗಿನಿಂದ ಅತ್ತೆಗೆ, "ಒಳಕ್ ಬರಕ್ಕೇಳು," ಎಂದರು. ಹೊಸಿಲು ದಾಟಿದ್ದೇನೋ ಆಯಿತು, ಮಾತು ದಾಟಲಿಲ್ಲ. ಗುರುಗಳು ಕರೆಸಿಕೊಳ್ಳಿ ಎಂದಿದ್ದರೇ ಹೊರತು ಮಾತಾಡಿಸಿ ಎಂದಿರಲಿಲ್ಲ. ಊಟಕ್ಕೆ ಪಕ್ಕದಲ್ಲೇ ಕೂತ ಮಗನಿಗೆ ಅನ್ನ ಬೇಕೋ ಎಂದು ನನ್ನನ್ನು ಕೇಳುತ್ತಿದ್ದರು, "ಕೇಳಮ್ಮ, ಇನ್ನೊಂಚೂರು ಬೇಕಂತಾ?" ಅವನು ಬೇಡ ಎಂದದ್ದನ್ನು ನಾನು ಮಾವನವರಿಗೆ ಹೇಳಬೇಕು, ಅದೂ ಅವರ ಕಿವಿಯ ಪಕ್ಕದಲ್ಲೇ ಅವನು ಹೇಳಿದ ಮೇಲೆ. ಮೈದುನ ದೇವರಮನೆಯಲ್ಲಿ ತಟ್ಟೆ ಕಂಡು ನಕ್ಕು, ಬಾಯಿಗೆ ಟವೆಲು ತುರುಕಿಕೊಂಡು ಹಿತ್ತಲಿಗೆ ಓಡಿದ. ವಾಪಸು ಬಂದಾಗ ಅವನ ಕಣ್ಣು ಕೆಂಪಾಗಿತ್ತು. ಹೀಗೇ ಒಂಬತ್ತು ದಿನ ಕಳೆದವು. ಮಾರನೆಯ ಬೆಳಿಗ್ಗೆ ಅವನ ರೈಲು. ಇಷ್ಟು ದೂರ ಬಂದು ಅಪ್ಪನ ಒಂದು ಮಾತಿಲ್ಲದೆ ಹೋಗುತ್ತಾನಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ಅಂದು ಮಧ್ಯಾಹ್ನ ಊಟವಾಯಿತು. ಮಾವನವರು ಆರಾಮಕುರ್ಚಿಯಲ್ಲಿ ಪೇಪರಿನ ಹಿಂದೆ. ಮೈದುನ ಕಂಬಕ್ಕೆ ಒರಗಿ ಕೂತಿದ್ದ. ಅತ್ತೆ ಟ್ರಂಕಿನಿಂದ ಒಂದು ಹಳೆಯ ಕಾಗದ ತಂದು ನನ್ನ ಕೈಗಿಟ್ಟರು. ತಟ್ಟೆಯ ಕಾಗದ.

"ಓದು."

"ಓದಾಗೈತಲ್ಲ ಅತ್ತೆ."

"ನೀನು ನುಂಗಿದ ಸಾಲು ಸೇರ್ಸಿ ಓದು ಕಣೇ. ಪೋಸ್ಟ್‌ಮ್ಯಾನು ಓದ್ದಂಗೆ."

ಒಡೆದ ಕವರು, ಜಗಲಿಯ ಮೇಲಿನ ಮಜ್ಜಿಗೆ, ಸರಿಯಾಗಿ ಅಕ್ಷರದ ಮೇಲೆ ಬಂದು ಕೂರುತ್ತಿದ್ದ ಕಣಗಿಲೆ ಹಾರ, ಎಲ್ಲ ಒಟ್ಟಿಗೆ ನೆನಪಾದವು. ಎರಡು ವರ್ಷ ಮುಗ್ಧೆಯೊಬ್ಬಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ ನಾನು.

"ಎಲ್ಲಾ ಗೊತ್ತಿದ್ದೂ ನನ್ನ ಕೈಲಿ ಯಾಕೆ ಓದುಸ್ತಿದ್ರಿ ಅತ್ತೆ?"

"ಅವ್ರು ಕೇಳ್ಲಿ ಅಂತ. ನೀನೂ ಪಾನಕ ಚೆಂದಾಗಿ ಮಾಡ್ತಿದ್ದೆ ಬುಡು. ಈಗ ಓದು."

ಓದಿದೆ. ಜಾಹೀರಾತು, ಮಠ, ಸ್ವಾಮಿಗಳೇ ಕಾಯಿಸುವ ಬೀರು, ಏನನ್ನೂ ಬಿಡಲಿಲ್ಲ. ಪೇಪರು ಅಲ್ಲಾಡಲಿಲ್ಲ. ಇಷ್ಟು ದಿನ ಗಂಟಲಲ್ಲಿ ನಿಂತಿದ್ದ ಆ ಕೊನೆಯ ಸಾಲಿಗೆ ಬಂದೆ: "ಅಪ್ಪನಿಗೆ ಗೊತ್ತಾದರೆ ಎಸೆಯುತ್ತಾರೆ. ಆದರೂ ಕೊಂಡುಕೊಂಡೆ ಅಮ್ಮ. ನಾನು ಚಿಕ್ಕವನಿದ್ದಾಗ ಅಪ್ಪ ನಗುತ್ತಿದ್ದಾಗ ಮುಖ ಹೀಗೇ ಇರುತ್ತಿತ್ತು."

ಪೇಪರು ಕೆಳಗಿಳಿಯಿತು. ಮಾವನವರು ಎದ್ದು ದೇವರಮನೆಗೆ ಹೋದರು. ತಟ್ಟೆ ತಿಪ್ಪೆಗೆ ಹೋಯಿತು ಎಂದೇ ನಾನು ಲೆಕ್ಕ ಹಾಕಿದೆ. ಅವರು ಹಾರ ಸರಿಸಿ ನೋಡಿದರು. ನೊರೆ ನೋಡಿದರು. ತಮ್ಮ ಹೊಟ್ಟೆ ನೋಡಿಕೊಂಡರು. ತಿರುಗಿ, ನನ್ನನ್ನೂ ಅತ್ತೆಯನ್ನೂ ದಾಟಿ ಕಂಬದ ಹತ್ತಿರ ಕೂತವನನ್ನು ನೋಡಿದರು.

"ನಾನು ಇಷ್ಟು ದಪ್ಪ ಇದ್ದೀನೇನ್ಲಾ?"

ಮೈದುನ ಕಂಬ ಬಿಟ್ಟು ಎದ್ದು ನಿಂತ. "ಇಲ್ಲ ಕಣಪ್ಪ," ಎಂದ. "ಆಗ ಇರ್ಲಿಲ್ಲ. ಈಗ ಆಗಿದ್ದೀಯ."

ಮಾವನವರ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಕೆನ್ನೆ ಕೆಂಪಾಯಿತು, ಕಣ್ಣು ಮುಚ್ಚಿಕೊಂಡವು. ಸೊಸೆಯಾಗಿ ಬಂದ ಮೇಲೆ ನಾನು ಅವರ ನಗು ನೋಡಿದ್ದು ಅದೇ ಮೊದಲು, ಆದರೂ ಗುರುತು ಹತ್ತಿತು, ದಿನಾ ಗೋಡೆಯ ಮೇಲೆ ಕಂಡ ಮುಖವೇ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎರಡು ಲೋಟ ಕಾಫಿಗೆ ನೀರಿಡು ಎಂದು ನನಗೆ ಹೇಳಿದರು.